ಕಣ್ಣು ಮುಚ್ಚಿ ತೆರೆದ ಪುಟದಲ್ಲಿ ಸಿಕ್ಕ ವಚನ ದೇವರ ವಾಗ್ದಾನವೇ?

ಪ್ರಶ್ನೆ: ನನಗೆ 46 ವರ್ಷ. ಚಿಕ್ಕಂದಿನಿಂದ ಬೈಬಲ್ ಓದಿಕೊಂಡೇ ಬೆಳೆದವಳು. ಎರಡು ವರ್ಷಗಳ ಹಿಂದೆ ನನ್ನ ಒಬ್ಬನೇ ತಮ್ಮನಿಗೆ ಕ್ಯಾನ್ಸರ್ ಇರುವುದು ಗೊತ್ತಾಯಿತು. ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ ಪ್ರಾರ್ಥನೆ ಮಾಡಿ, ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಟ್ಟೆ. ಸಿಕ್ಕಿದ್ದು ಯೆರೆಮೀಯ 29:11. ನಿಮ್ಮ ವಿಷಯದಲ್ಲಿ ನನಗಿರುವುದು ಕೇಡಿನ ಯೋಚನೆಯಲ್ಲ, ಹಿತದ ಯೋಚನೆ, ನಿಮಗೆ ನಿರೀಕ್ಷೆಯನ್ನು ಕೊಡುವ ಯೋಚನೆ ಎಂದು ದೇವರು ಹೇಳುವ ವಚನ. ಉತ್ತರ ಸಿಕ್ಕಿತೆಂದು ಅತ್ತುಬಿಟ್ಟೆ. ಅಮ್ಮನಿಗೆ ಹೇಳಿದೆ, ತಮ್ಮನಿಗೆ ಹೇಳಿದೆ, ಪ್ರಾರ್ಥನಾ ಕೂಟದಲ್ಲಿ ಸಾಕ್ಷಿಯನ್ನೂ ಹೇಳಿದೆ. ಏಳು ತಿಂಗಳಿಗೆ ತಮ್ಮ ತೀರಿಕೊಂಡ. ಕೂಟದ ಹಿರಿಯರೊಬ್ಬರು, ಮನೆಯವರ ನಂಬಿಕೆಯಲ್ಲಿ ಎಲ್ಲೋ ಕೊರತೆಯಿತ್ತು ಎಂದರು. ಈಗ ದಿನಾ ಬೆಳಿಗ್ಗೆ ಮೊಬೈಲಿಗೆ ಬರುವ ವಾಗ್ದಾನ ವಚನ ಕಂಡರೆ ಸಿಟ್ಟು ಬರುತ್ತದೆ. ನನ್ನ ಗೆಳತಿಯೊಬ್ಬಳು ಚಿಟ್ಟೆ ಕಂಡರೂ, ಗಡಿಯಾರದಲ್ಲಿ 11:11 ಕಂಡರೂ ದೇವರ ಗುರುತು ಎನ್ನುತ್ತಾಳೆ. ನನಗೆ ಏನೂ ಕಾಣುವುದಿಲ್ಲ, ಪ್ರಾರ್ಥಿಸಿದರೆ ಏನೂ ಅನ್ನಿಸುವುದಿಲ್ಲ. ದೇವರು ನನ್ನನ್ನು ಬಿಟ್ಟಿದ್ದಾನೆಯೇ? ಬೈಬಲ್ ಓದುವುದನ್ನು ನಿಲ್ಲಿಸಿಬಿಡಲೇ? ಓದುವುದಾದರೆ ಎಲ್ಲಿಂದ ಓದಲಿ? "ದೇವರೇ ಹೇಳಿದ ಅಂದಿದ್ದೆಯಲ್ಲಾ" ಎಂದು ಅಮ್ಮ ಒಮ್ಮೊಮ್ಮೆ ಕೇಳುತ್ತಾರೆ. ಅವರಿಗೆ ಏನು ಹೇಳಲಿ?

ಉತ್ತರ: ಪ್ರಿಯ ಸಹೋದರಿ, ನಿಮ್ಮ ತಮ್ಮ ಸತ್ತದ್ದು ಕ್ಯಾನ್ಸರಿನಿಂದ. ನಿಮ್ಮ ನಂಬಿಕೆ ಕಡಿಮೆಯಾದದ್ದರಿಂದ ಅಲ್ಲ. ಉಳಿದದ್ದನ್ನೆಲ್ಲ ನಿಧಾನವಾಗಿ ಮಾತಾಡೋಣ, ಆದರೆ ಈ ಒಂದು ಮಾತು ಇವತ್ತೇ ಇತ್ಯರ್ಥವಾಗಬೇಕು. ನಾನು ಸಭಾಪಾಲಕ. ಬಹಳ ಕಾಲ ಆಸ್ಪತ್ರೆಯಲ್ಲಿ ರೋಗಿಗಳ ಜೊತೆಗೂ ಅವರ ಮನೆಯವರ ಜೊತೆಗೂ ಕೂರುವ ಕೆಲಸ ಮಾಡಿದ್ದೇನೆ, ವಿದ್ಯಾರ್ಥಿಗಳಿಗೆ ಹಳೆಯ ಒಡಂಬಡಿಕೆಯನ್ನು ಕಲಿಸುತ್ತೇನೆ. ಸಾವಿನ ಮನೆಯಲ್ಲಿ ಆಡುವ ಮಾತುಗಳಲ್ಲಿ "ನಂಬಿಕೆ ಸಾಲದಾಯಿತು" ಎಂಬುದರಷ್ಟು ಗಾಯ ಮಾಡುವ ಮಾತನ್ನು ನಾನು ಕೇಳಿಲ್ಲ. ಅದಕ್ಕೆ ಬೈಬಲಿನ ಆಧಾರವೂ ಇಲ್ಲ.

ಅಪೊಸ್ತಲರ ಕೃತ್ಯಗಳು 12ನೆಯ ಅಧ್ಯಾಯವನ್ನು ತೆರೆದು ನೋಡಿ. ಹೆರೋದ ಅರಸನು ಯೋಹಾನನ ಸಹೋದರ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸುತ್ತಾನೆ. ಆ ಸಾವಿಗೆ ಈ ಪುಸ್ತಕವನ್ನು ಬರೆದ ಲೂಕ ಕೊಡುವುದು ಒಂದೇ ಒಂದು ವಾಕ್ಯ. ಅದೇ ಅಧ್ಯಾಯದಲ್ಲಿ ಪೇತ್ರ ಸೆರೆಮನೆಯಿಂದ ಪಾರಾಗುತ್ತಾನೆ. ಇಬ್ಬರೂ ಅಪೊಸ್ತಲರು, ಇಬ್ಬರೂ ಯೇಸುವಿನ ಜೊತೆ ಓಡಾಡಿದವರು. ಒಬ್ಬ ಉಳಿದ, ಒಬ್ಬ ಹೋದ. ಇನ್ನು ಪೇತ್ರನಿಗಾಗಿ ಪ್ರಾರ್ಥಿಸುತ್ತಿದ್ದವರ ನಂಬಿಕೆ ಎಷ್ಟು ಗಟ್ಟಿಯಾಗಿತ್ತು? ರಾತ್ರಿ ಅವನು ಬಂದು ಬಾಗಿಲು ತಟ್ಟುತ್ತಾನೆ. ರೋದೆ ಎಂಬ ಸೇವಕಿ ಅವನ ದನಿ ಗುರುತಿಸಿ, ಸಂತೋಷದಲ್ಲಿ ಬಾಗಿಲು ತೆಗೆಯುವುದನ್ನೂ ಮರೆತು ಒಳಗೆ ಓಡುತ್ತಾಳೆ. ಒಳಗಿದ್ದವರು ಅವಳಿಗೆ ನಿನಗೆ ಹುಚ್ಚು ಎನ್ನುತ್ತಾರೆ! ಯಾವುದಕ್ಕಾಗಿ ಮೊಣಕಾಲೂರಿದ್ದರೋ ಅದೇ ಬಾಗಿಲ ಹೊರಗೆ ನಿಂತು ತಟ್ಟುತ್ತಿದೆ, ಅವರಿಗೆ ನಂಬಿಕೆಯಿಲ್ಲ. ಆದರೂ ಪೇತ್ರ ಬಿಡುಗಡೆಯಾಗಿದ್ದ. ನಂಬಿಕೆಯನ್ನು ತೂಗಿ ನೋಡಿ ಅದಕ್ಕೆ ಸರಿಯಾಗಿ ಆಯುಸ್ಸನ್ನು ಅಳೆದುಕೊಡುವ ದೇವರು ಈ ಅಧ್ಯಾಯದಲ್ಲಿ ಇಲ್ಲ. ಹುಟ್ಟುಕುರುಡನನ್ನು ತೋರಿಸಿ ಶಿಷ್ಯರು ಯಾರ ಪಾಪ ಎಂದು ಕೇಳಿದಾಗ ಯೇಸು ಇವನದೂ ಅಲ್ಲ, ಇವನ ತಂದೆತಾಯಿಯದೂ ಅಲ್ಲ ಎಂದನು. ಸಿಲೋವದ ಗೋಪುರ ಬಿದ್ದು ಸತ್ತ 18 ಮಂದಿಯ ಬಗ್ಗೆಯೂ ಆತನ ಉತ್ತರ ಅದೇ ದಾರಿಯದು: ಅವರು ಇತರರಿಗಿಂತ ದೊಡ್ಡ ಅಪರಾಧಿಗಳೇನಲ್ಲ. ಶರೀರದ ಮುಳ್ಳನ್ನು ತೆಗೆಯೆಂದು ಪೌಲ ಮೂರು ಸಲ ಬೇಡಿಕೊಂಡ, ಮುಳ್ಳು ಹೋಗಲಿಲ್ಲ. ನಿಮ್ಮ ಕೂಟದ ಹಿರಿಯರು ಪೌಲನಿಗೆ ಏನು ಹೇಳುತ್ತಿದ್ದರು?

ಈಗ ಆ ರಾತ್ರಿಯ ವಚನಕ್ಕೆ ಬರುತ್ತೇನೆ. ನಿಮ್ಮ ನೋವಿನ ಬೇರು ಇರುವುದು ಅಲ್ಲಿ ಎಂದು ನನಗೆ ಅನ್ನಿಸುತ್ತದೆ. ತಮ್ಮನ ಸಾವು ಒಂದು ದುಃಖ. ದೇವರು ಮಾತು ಕೊಟ್ಟು ತಪ್ಪಿದ ಎಂಬುದು ಅದರ ಮೇಲೆ ಬಿದ್ದ ಇನ್ನೊಂದು.

ಯೆರೆಮೀಯ 29 ಒಂದು ಪತ್ರ. ಕ್ರಿ.ಪೂ. 597ರಲ್ಲಿ ಬಾಬಿಲೋನಿನ ಅರಸ ನೆಬೂಕದ್ನೆಚ್ಚರನು ಯೆರೂಸಲೇಮಿನಿಂದ ರಾಜನನ್ನೂ, ರಾಜಮಾತೆಯನ್ನೂ, ಬಡಗಿ ಕಮ್ಮಾರರನ್ನೂ ಬಾಬಿಲೋನಿಗೆ ಸೆರೆ ಒಯ್ದಿದ್ದ. ಯೆರೂಸಲೇಮಿನಲ್ಲೇ ಉಳಿದಿದ್ದ ಪ್ರವಾದಿ ಆ ಸೆರೆಯವರಿಗೆ ಬರೆದದ್ದು ಇದು. ಹಿಂದಿನ ಅಧ್ಯಾಯದಲ್ಲಿ ಹನನ್ಯ ಎಂಬ ಇನ್ನೊಬ್ಬ ಪ್ರವಾದಿ ಬರುತ್ತಾನೆ. ಎರಡೇ ವರ್ಷ, ಎಲ್ಲರೂ ವಾಪಸು ಬರುತ್ತಾರೆ ಎಂದು ಅವನು ದೇವಾಲಯದಲ್ಲಿ ಜನರೆದುರು ಸಾರುತ್ತಾನೆ, ಯೆರೆಮೀಯನ ಹೆಗಲ ಮೇಲಿದ್ದ ಮರದ ನೊಗವನ್ನು ಕಿತ್ತು ಮುರಿಯುತ್ತಾನೆ. ಜನರಿಗೆ ಬೇಕಾಗಿದ್ದದ್ದು ಆ ಮಾತೇ. ಯೆರೆಮೀಯನ ಪತ್ರ ಅದನ್ನು ಸುಳ್ಳೆನ್ನುತ್ತದೆ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲ ತಿನ್ನಿ, ಮಕ್ಕಳಿಗೆ ಮದುವೆ ಮಾಡಿ, ನೀವಿರುವ ಆ ಪರಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎನ್ನುತ್ತದೆ. ಆಮೇಲೆ ಹತ್ತನೆಯ ವಚನ: ಎಪ್ಪತ್ತು ವರ್ಷ ಕಳೆದ ಮೇಲೆ ನಿಮ್ಮನ್ನು ಹಿಂದಕ್ಕೆ ಕರೆತರುತ್ತೇನೆ. ನಿಮ್ಮ ಬೆರಳು ನಿಂತದ್ದು ಅದರ ಮುಂದಿನ ವಚನದ ಮೇಲೆ.

ಎಪ್ಪತ್ತು ವರ್ಷ ಎಂದರೆ ಏನೆಂದು ಯೋಚಿಸಿ. ಆ ಪತ್ರವನ್ನು ಓದಿಸಿ ಕೇಳಿದ ವಯಸ್ಕರಲ್ಲಿ ಬಹುಪಾಲು ಮಂದಿ ಬಾಬಿಲೋನಿನಲ್ಲೇ ಸತ್ತರು. ಪಾರಸಿಯ ಅರಸ ಕೋರೆಷನು ಹಿಂದಿರುಗಲು ಅಪ್ಪಣೆ ಕೊಟ್ಟದ್ದು ಕ್ರಿ.ಪೂ. 538ರಲ್ಲಿ. ಅಷ್ಟರಲ್ಲಿ ಯೆರೂಸಲೇಮಿನ ದೇವಾಲಯವೂ ಸುಟ್ಟು ಹೋಗಿತ್ತು. ಹಿತದ ಯೋಚನೆ ಎಂಬ ಮಾತು ಬಂದದ್ದು ಇಂಥವರಿಗೆ: ನೀವು ಬಯಸಿದ್ದು ನಿಮ್ಮ ಕಣ್ಣೆದುರು ಆಗುವುದಿಲ್ಲ, ಆದರೂ ನಾನು ನಿಮ್ಮನ್ನು ಮರೆತಿಲ್ಲ ಎಂದು ಯಾರಿಗೆ ಹೇಳಬೇಕಾಗಿತ್ತೋ ಅವರಿಗೆ. ಶಸ್ತ್ರಚಿಕಿತ್ಸೆ ಯಶಸ್ವಿಯಾಗುತ್ತದೆಯೇ ಎಂಬ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ. ಇಡೀ ಪತ್ರವನ್ನು ನೀವು ಆ ರಾತ್ರಿ ಓದಿದ್ದರೆ ಅಷ್ಟು ಸಂತೋಷವಾಗುತ್ತಿರಲಿಲ್ಲ. ಆದರೆ ಏಳು ತಿಂಗಳ ನಂತರ ಅದೇ ಪತ್ರ ನಿಮ್ಮ ಕೈ ಬಿಡುತ್ತಲೂ ಇರಲಿಲ್ಲ.

ಆ ವಚನವೇ ಯಾಕೆ ಸಿಕ್ಕಿತು ಎಂದು ನೀವು ಕೇಳಬಹುದು. ನಿಮ್ಮ ಹಳೆಯ ಬೈಬಲನ್ನು ಬೆನ್ನಿನ ಮೇಲೆ ನಿಲ್ಲಿಸಿ ಎರಡೂ ಕೈ ಬಿಟ್ಟು ನೋಡಿ. ಎಲ್ಲಿ ಹೆಚ್ಚು ಸಲ ತೆರೆದಿದ್ದೀರೋ, ಎಲ್ಲಿ ಹೊಲಿಗೆ ಸಡಿಲವಾಗಿದೆಯೋ ಅಲ್ಲೇ ಅದು ಬಾಯಿ ತೆರೆಯುತ್ತದೆ. ಕಣ್ಣು ಮುಚ್ಚಿದ ಕೈ ಸಾಮಾನ್ಯವಾಗಿ ಪುಸ್ತಕದ ನಡುವಿಗೆ ಹೋಗುತ್ತದೆ. ನಡುವೆ ಇರುವುದು ಕೀರ್ತನೆಗಳು, ಯೆಶಾಯ, ಯೆರೆಮೀಯ. ಹೆದರಿದ ಕಣ್ಣು ಆ ಪುಟದಲ್ಲಿ ಸಮಾಧಾನದ ಸಾಲನ್ನೇ ಹುಡುಕಿ ಹಿಡಿಯುತ್ತದೆ, ಪಕ್ಕದ ಸಾಲಿನ ಕತ್ತಿ, ಕ್ಷಾಮ, ವ್ಯಾಧಿಗಳನ್ನು ದಾಟಿ ಹೋಗುತ್ತದೆ. ಅದೇ 29ನೆಯ ಅಧ್ಯಾಯದ 17ನೆಯ ವಚನದಲ್ಲಿ ಈ ಮೂರೂ ಇವೆ. ಅದಕ್ಕಿಂತ ಮೊದಲು ಹೀಗೆ ತೆರೆದು ಏನೂ ಹೊಂದದ ಸಾಲು ಸಿಕ್ಕ ದಿನಗಳೂ ಇದ್ದಿರಬೇಕು, ಅವು ನೆನಪಿನಲ್ಲಿ ಉಳಿಯುವುದಿಲ್ಲ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಭಯದಲ್ಲಿ ಎಲ್ಲರ ಮನಸ್ಸೂ ಹೀಗೆಯೇ ಕೆಲಸ ಮಾಡುತ್ತದೆ. ವಚನಕ್ಕೊಂದು ಸಂಖ್ಯೆ ಕೊಟ್ಟು ಬಿಡಿಬಿಡಿಯಾಗಿ ಕಾಣುವಂತೆ ಮುದ್ರಿಸಿದ್ದೂ ಈ ಅಭ್ಯಾಸವನ್ನು ಬೆಳೆಸಿತು. ಹೊಸ ಒಡಂಬಡಿಕೆಗೆ ಇಂದು ನಾವು ಬಳಸುವ ವಚನ ಸಂಖ್ಯೆಗಳನ್ನು ಹಾಕಿದ್ದು ರಾಬರ್ಟ್ ಎಸ್ತಿಯೆನ್ ಎಂಬ ಮುದ್ರಕ, 1551ರಲ್ಲಿ. ಅದಕ್ಕಿಂತ ಹಿಂದಿನ ಕ್ರೈಸ್ತರು ಕೇಳುತ್ತಿದ್ದದ್ದು ಕಥೆಯನ್ನು, ಪತ್ರವನ್ನು, ಹಾಡನ್ನು.

ಹಾಗೆಂದು ಪುಟ ತೆರೆದು ನೋಡುವ ಆಸೆ ಹೊಸದೂ ಅಲ್ಲ. ಸಂತ ಅಗಸ್ಟೀನ್ 386ರಲ್ಲಿ ಮಿಲಾನಿನ ತೋಟವೊಂದರಲ್ಲಿ ಅಳುತ್ತಾ ಕೂತಿದ್ದಾಗ ಪೌಲನ ಪತ್ರಗಳನ್ನು ತೆರೆದು ಮೊದಲು ಕಂಡ ಸಾಲನ್ನು ಓದಿದ, ಅಲ್ಲಿಂದ ಅವನ ಬದುಕೇ ತಿರುಗಿತು. ಪ್ರಾರ್ಥನಾ ಕೂಟಗಳಲ್ಲಿ ಇದನ್ನು ಉದಾಹರಣೆಯಾಗಿ ಹೇಳುತ್ತಾರೆ. ಎರಡು ಸಂಗತಿಗಳು ಮಾತ್ರ ಬಿಟ್ಟು ಹೋಗುತ್ತವೆ. ಅವನಿಗೆ ಸಿಕ್ಕ ರೋಮಾಪುರದವರಿಗೆ ಬರೆದ ಪತ್ರದ ಸಾಲು ಮುಂದೆ ಏನಾಗುತ್ತದೆ ಎಂದು ಹೇಳಲಿಲ್ಲ, ದುಂದಿನ ಬದುಕನ್ನು ಬಿಟ್ಟು ಕ್ರಿಸ್ತನನ್ನು ಧರಿಸಿಕೋ ಎಂದು ಹೇಳಿತು. ಅದೇ ಅಗಸ್ಟೀನ್ ಮುಂದೆ ಒಂದು ಪತ್ರದಲ್ಲಿ, ಸುವಾರ್ತೆಯ ಪುಟಗಳಿಂದ ಲೋಕವ್ಯವಹಾರಕ್ಕೆ ಶಕುನ ನೋಡುವ ಪದ್ಧತಿ ತನಗೆ ಇಷ್ಟವಿಲ್ಲವೆಂದು ಬರೆದ. 506ರಲ್ಲಿ ಈಗಿನ ಫ್ರಾನ್ಸಿನ ಆಗ್ದೆಯಲ್ಲಿ ಸೇರಿದ ಸಭಾಸಂಘ ಶಾಸ್ತ್ರಗ್ರಂಥದಿಂದ ಭವಿಷ್ಯ ನೋಡುವುದನ್ನು ನಿಷೇಧಿಸಿತು. ಸಂದರ್ಭದಿಂದ ಕಿತ್ತ ವಚನ ಎಷ್ಟು ಅಪಾಯಕಾರಿ ಎಂಬುದಕ್ಕೆ ಮತ್ತಾಯ 4ನೆಯ ಅಧ್ಯಾಯವೇ ಸಾಕ್ಷಿ. ದೇವಾಲಯದ ಶಿಖರದ ಮೇಲೆ ನಿಂತು 91ನೆಯ ಕೀರ್ತನೆಯ ವಾಗ್ದಾನವನ್ನು ಉದ್ಧರಿಸುವವನು ಸೈತಾನ.

ನಿಮ್ಮ ಗೆಳತಿಯ ವಿಷಯದಲ್ಲಿ ಸ್ವಲ್ಪ ಮೃದುವಾಗಿರಿ ಎಂದು ಕೇಳಿಕೊಳ್ಳುತ್ತೇನೆ. ಚಿಟ್ಟೆ ಕಂಡು ದೇವರಿಗೆ ಸ್ತೋತ್ರ ಹೇಳಿದರೆ ಯಾರಿಗೂ ನಷ್ಟವಿಲ್ಲ, ಸೃಷ್ಟಿ ದೇವರ ಮಹಿಮೆಯನ್ನು ಸಾರುತ್ತದೆ ಎಂದು ಕೀರ್ತನೆಗಾರನೂ ಹೇಳಿದ್ದಾನೆ. ಗಡಿಯಾರದ ಅಂಕಿಗಳ ಬಗ್ಗೆ ಮಾತ್ರ ಬೈಬಲ್ ಏನೂ ಹೇಳುವುದಿಲ್ಲ. ಗುರುತಿನ ಮೇಲೆ ನಿರ್ಧಾರವನ್ನು ನಿಲ್ಲಿಸಿದಾಗ ನನಗೆ ಭಯವಾಗುತ್ತದೆ. ಗುರುತು ಸಿಕ್ಕಿತು ಎಂದು ಔಷಧಿ ನಿಲ್ಲಿಸಿದವರನ್ನು ಆಸ್ಪತ್ರೆಯಲ್ಲಿ ನೋಡಿದ್ದೇನೆ. ಗುರುತು ಸಿಗಲಿಲ್ಲವೆಂದು, ಕೊನೆಯ ದಿನಗಳಲ್ಲಿ ಸಾಯುತ್ತಿರುವವರ ಜೊತೆ ಸಾವಿನ ಮಾತನ್ನೇ ಆಡದೆ, ಬೀಳ್ಕೊಡುಗೆಯ ಅವಕಾಶವನ್ನೇ ಕಳೆದುಕೊಂಡ ಮನೆಗಳನ್ನೂ ನೋಡಿದ್ದೇನೆ. ಗಿದ್ಯೋನನು ದೇವರಿಂದ ಗುರುತು ಕೇಳಿ ಉಣ್ಣೆಯನ್ನು ಕಣದಲ್ಲಿ ಹರಡಿ ಮಂಜಿನ ಪರೀಕ್ಷೆ ಮಾಡಲಿಲ್ಲವೇ ಎಂದು ಕೆಲವರು ಕೇಳುತ್ತಾರೆ. ನ್ಯಾಯಸ್ಥಾಪಕರು 6ನ್ನು ಮೊದಲಿನಿಂದ ಓದಿದರೆ ದೇವರು ಅವನಿಗೆ ಹೇಳಬೇಕಾದದ್ದನ್ನು ಆಗಲೇ ನೇರವಾಗಿ ಹೇಳಿ ಆಗಿತ್ತು. ನೀನು ಹೇಳಿದಂತೆ ಮಾಡುವುದಾದರೆ ಎಂದೇ ಅವನೂ ಮಾತು ತೆಗೆಯುತ್ತಾನೆ. ಅದು ಅವನ ಹೆದರಿಕೆಯ ಕಥೆ. ದೇವರು ಆ ಹೆದರಿಕೆಯನ್ನು ಸಹಿಸಿಕೊಂಡನು. ಅದನ್ನೇ ಎಲ್ಲರಿಗೂ ವಿಧಾನವನ್ನಾಗಿ ಕೊಡಲಿಲ್ಲ. ಎಲ್ಲವನ್ನೂ ಪರೀಕ್ಷಿಸಿ ಒಳ್ಳೆಯದನ್ನು ಹಿಡಿದುಕೊಳ್ಳಿ ಎಂದು ಪೌಲ ಥೆಸಲೋನಿಕದವರಿಗೆ ಬರೆದ ಮಾತು ಗುರುತುಗಳಿಗೂ ಸಲ್ಲುತ್ತದೆ.

ಹಾಗಾದರೆ ದೇವರ ಪ್ರಸನ್ನತೆ ಬೈಬಲಿನಲ್ಲಿ ಹೇಗೆ ಕಾಣುತ್ತದೆ? ಇದಕ್ಕೆ ನಾನು ನಿಮ್ಮನ್ನು ಯೋಹಾನ 11ಕ್ಕೆ ಕರೆದುಕೊಂಡು ಹೋಗಬೇಕು. ಅದು ತಮ್ಮನನ್ನು ಕಳೆದುಕೊಂಡ ಅಕ್ಕಂದಿರ ಅಧ್ಯಾಯ ಎನ್ನಬಹುದು. ಲಾಜರನು ಹಿರಿಯನೋ ಕಿರಿಯನೋ ಯೋಹಾನ ಹೇಳುವುದಿಲ್ಲ, ಆದರೆ ಮಾರ್ಥ ಮರಿಯರು ಆಡುವ ಮಾತು ನಿಮ್ಮದೇ. ಕಾಯಿಲೆಯ ಸುದ್ದಿ ಕಳುಹಿಸಿದ್ದಾರೆ. ಯೇಸು ಎರಡು ದಿನ ಇದ್ದಲ್ಲೇ ಇರುತ್ತಾನೆ. ಬೇಥಾನ್ಯಕ್ಕೆ ಬಂದಾಗ ಸಮಾಧಿ ಮಾಡಿ ನಾಲ್ಕು ದಿನ. ಮಾರ್ಥ ಎದುರು ಹೋಗಿ, ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಎನ್ನುತ್ತಾಳೆ. ಸ್ವಲ್ಪ ಹೊತ್ತಿಗೆ ಮರಿಯ ಬಂದು ಕಾಲಿಗೆ ಬಿದ್ದು ಅದೇ ಮಾತು ಹೇಳುತ್ತಾಳೆ. ಇಬ್ಬರ ಬಾಯಲ್ಲೂ ಒಂದೇ ವಾಕ್ಯ! ಆ ನಾಲ್ಕು ದಿನಗಳಲ್ಲಿ ಅವರಿಬ್ಬರೂ ಅದನ್ನು ಎಷ್ಟು ಸಲ ಒಬ್ಬರಿಗೊಬ್ಬರು ಹೇಳಿಕೊಂಡಿರಬೇಕು ಎಂದು ನನಗೆ ಪ್ರತಿ ಸಲ ಓದುವಾಗಲೂ ಅನ್ನಿಸುತ್ತದೆ.

ಯೇಸು ಇಬ್ಬರಿಗೂ ಒಂದೇ ಉತ್ತರ ಕೊಡುವುದಿಲ್ಲ. ಮಾರ್ಥಳ ಜೊತೆ ಮಾತಾಡುತ್ತಾನೆ, ನಾನೇ ಪುನರುತ್ಥಾನವೂ ಜೀವವೂ ಆಗಿದ್ದೇನೆ ಎನ್ನುತ್ತಾನೆ. ಮರಿಯಳಿಗೆ ಪಾಠ ಹೇಳುವುದಿಲ್ಲ. ಅವನನ್ನು ಎಲ್ಲಿ ಇಟ್ಟಿದ್ದೀರಿ ಎಂದು ಕೇಳಿ ಕಣ್ಣೀರು ಬಿಡುತ್ತಾನೆ. ಇನ್ನು ಸ್ವಲ್ಪ ಹೊತ್ತಿನಲ್ಲಿ ಲಾಜರನನ್ನು ಎಬ್ಬಿಸುವವನು ಆತನೇ, ಆದರೂ ಅಳುತ್ತಾನೆ. ನೀನು ಇದ್ದಿದ್ದರೆ ಎಂಬ ದೂರಿಗೆ ಆತನು ಇಬ್ಬರನ್ನೂ ಗದರಲಿಲ್ಲ, ತಡವಾದದ್ದು ಯಾಕೆಂದು ಅವರಿಗೆ ವಿವರಿಸಲೂ ಇಲ್ಲ. ಅಲ್ಲಿ ನಿಂತಿದ್ದ ಕೆಲವರು, ಕುರುಡನ ಕಣ್ಣು ತೆರೆದವನು ಇವನನ್ನು ಉಳಿಸಲಾರದೆ ಹೋದನೇ ಎಂದರು. ಆ ಪ್ರಶ್ನೆಯನ್ನೂ ಯೋಹಾನ ಅಳಿಸಿಹಾಕದೆ ಬರೆದಿಟ್ಟಿದ್ದಾನೆ.

ಇಲ್ಲಿ ನೀವು ನನ್ನನ್ನು ತಡೆದು ಕೇಳಬೇಕು: ಲಾಜರ ಎದ್ದು ಬಂದ, ನನ್ನ ತಮ್ಮ ಬರಲಿಲ್ಲವಲ್ಲ? ಈ ಪ್ರಶ್ನೆಯನ್ನು ಪಕ್ಕಕ್ಕೆ ಸರಿಸಿ ಮುಂದೆ ಹೋಗುವ ಬೋಧನೆಯನ್ನು ನಂಬಬೇಡಿ. ಲಾಜರನೂ ಮತ್ತೆ ಸತ್ತ. ಅವನು ಸಮಾಧಿಯಿಂದ ಹೊರಬಂದ ಮೇಲೆ ಮಹಾಯಾಜಕರು ಅವನನ್ನೂ ಕೊಲ್ಲಲು ಆಲೋಚಿಸಿದರು ಎಂದು ಮುಂದಿನ ಅಧ್ಯಾಯ ಹೇಳುತ್ತದೆ. ಯೋಹಾನನಿಗೆ ಅದು ಒಂದು ಸೂಚಕಕಾರ್ಯ, ಯೇಸು ಯಾರೆಂದು ತೋರಿಸುವ ಕಾರ್ಯ. ಪ್ರತಿ ಮನೆಗೂ ಹೀಗೆಯೇ ಆಗುತ್ತದೆಂದು ಅಲ್ಲಿ ಮಾತು ಕೊಟ್ಟಿಲ್ಲ. ಕ್ರೈಸ್ತರ ನಿರೀಕ್ಷೆ ನಿಂತಿರುವುದು ಯೇಸುವೇ ಸತ್ತು ಎದ್ದದ್ದರ ಮೇಲೆ, ಆತನಲ್ಲಿ ನಿದ್ರೆಹೋದವರು ಏಳುವ ದಿನದ ಮೇಲೆ. ಅದು ನಿಮ್ಮ ತಮ್ಮನನ್ನೂ ಒಳಗೊಂಡಿದೆ. ಅದು ಇನ್ನೂ ಬಂದಿಲ್ಲ, ಆದ್ದರಿಂದ ಈಗ ನೋವಾಗುತ್ತದೆ. ನಿರೀಕ್ಷೆಯಿಲ್ಲದವರಂತೆ ದುಃಖಿಸಬೇಡಿ ಎಂದು ಪೌಲ ಬರೆದ. ದುಃಖಿಸಲೇಬೇಡಿ ಎಂದು ಬರೆಯಲಿಲ್ಲ. ಕಣ್ಣಿಗೆ ಕಂಡದ್ದನ್ನು ಯಾರು ನಿರೀಕ್ಷಿಸುತ್ತಾರೆ ಎಂದು ರೋಮಾಪುರದವರಿಗೆ ಬರೆದ ಪತ್ರದಲ್ಲಿ ಅವನೇ ಕೇಳುತ್ತಾನೆ. ಅದರ ಹಿಂದೆಯೇ, ಹೇಗೆ ಪ್ರಾರ್ಥಿಸಬೇಕೋ ನಮಗೆ ತಿಳಿಯದಾಗ ಮಾತಿಲ್ಲದ ನರಳಾಟದಿಂದ ಆತ್ಮನೇ ನಮಗಾಗಿ ಬೇಡಿಕೊಳ್ಳುತ್ತಾನೆ ಎನ್ನುತ್ತಾನೆ. ಪ್ರಾರ್ಥಿಸಿದರೆ ಏನೂ ಅನ್ನಿಸುವುದಿಲ್ಲ ಎಂದು ನೀವು ಬರೆದಿರಿ. ನಿಮಗೆ ಏನೂ ಅನ್ನಿಸದ ಆ ಹೊತ್ತಿನಲ್ಲೂ ಪ್ರಾರ್ಥನೆ ನಿಂತಿಲ್ಲ ಎಂಬುದು ಪೌಲನ ಮಾತಿನ ಅರ್ಥ.

ಬೈಬಲಿನಲ್ಲಿ ಜನ ದೇವರನ್ನು ಗುರುತಿಸುವುದು ಹೆಚ್ಚಾಗಿ ಆಮೇಲೆ. ಯೆಹೋವನು ಈ ಸ್ಥಳದಲ್ಲಿ ಇದ್ದಾನೆ, ನನಗೆ ತಿಳಿಯದೆ ಹೋಯಿತು ಎಂದು ಆದಿಕಾಂಡದ ಯಾಕೋಬ ಹೇಳುವುದು ನಿದ್ರೆ ಮುಗಿದ ಮೇಲೆ. ಯೆರೂಸಲೇಮಿನಿಂದ ಸುಮಾರು 11 ಕಿಲೋಮೀಟರ್ ದೂರದ ಎಮ್ಮಾಹುವಿಗೆ ಹೋಗುತ್ತಿದ್ದ ಇಬ್ಬರ ಜೊತೆ ಯೇಸುವೇ ನಡೆದು ಬಂದ. ಆತನಿಗೇ ಅವರು, ಇಸ್ರಾಯೇಲನ್ನು ಬಿಡಿಸುವವನು ಆತನೇ ಎಂದು ನಾವು ನಂಬಿಕೊಂಡಿದ್ದೆವು ಎಂದು ಹೇಳಿದರು. ನಿಮ್ಮ ಪತ್ರದಲ್ಲಿರುವಂತೆಯೇ ಮುಗಿದುಹೋದ ಕಾಲದಲ್ಲಿ. ರೊಟ್ಟಿ ಮುರಿಯುವಾಗ ಗುರುತು ಸಿಕ್ಕಿತು, ಆ ಕ್ಷಣವೇ ಆತನು ಕಾಣದೆ ಹೋದನು. ದಾರಿಯಲ್ಲಿ ನಮ್ಮ ಹೃದಯ ಕುದಿಯಿತಲ್ಲವೇ ಎಂದು ಅವರು ಹೇಳಿಕೊಂಡದ್ದು ಅದಾದ ನಂತರ. ಏಳು ತಿಂಗಳ ಆ ಕಾಲವನ್ನು ನೀವು ಯಾವತ್ತಾದರೂ ಹಿಂದಿರುಗಿ ನೋಡುವಿರಿ. ರಾತ್ರಿ ಕೂತ ಒಬ್ಬ ನರ್ಸ್, ಹೇಳದೆ ಅಡುಗೆ ತಂದುಕೊಟ್ಟ ಯಾರೋ, ತಮ್ಮ ನಕ್ಕ ಒಂದು ಮಧ್ಯಾಹ್ನ ಕಾಣಬಹುದು. ಈಗ ಕಾಣದಿದ್ದರೆ ಬಲವಂತ ಮಾಡಬೇಡಿ. ಇದು ಗುರುತು, ಅದು ಗುರುತು ಎಂದು ಯಾರಾದರೂ ಕೈ ಹಿಡಿದು ತೋರಿಸಲು ಬಂದರೆ, ಬೇಡ ಎನ್ನಿ.

ಏನೂ ಅನ್ನಿಸುವುದಿಲ್ಲ ಎಂಬುದು ದೇವರು ಬಿಟ್ಟುಹೋದದ್ದರ ಸಾಕ್ಷಿಯಲ್ಲ. ನೂರೈವತ್ತು ಕೀರ್ತನೆಗಳಲ್ಲಿ ಮೂರನೇ ಒಂದು ಭಾಗದಷ್ಟು ಗೋಳಿನ ಹಾಡುಗಳು. 88ನೆಯದಂತೂ ಸಮಾಧಾನದ ಒಂದು ಸಾಲೂ ಇಲ್ಲದೆ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಅದನ್ನು ಯಾರೂ ಪುಸ್ತಕದಿಂದ ತೆಗೆಯಲಿಲ್ಲ. ಹಿತದ ಯೋಚನೆಯ ವಚನ ಬರೆದ ಯೆರೆಮೀಯನೇ 20ನೆಯ ಅಧ್ಯಾಯದಲ್ಲಿ ತಾನು ಹುಟ್ಟಿದ ದಿನವನ್ನು ಶಪಿಸುತ್ತಾನೆ. ಯೇಸು ಶಿಲುಬೆಯ ಮೇಲೆ ಕೂಗಿದ್ದು 22ನೆಯ ಕೀರ್ತನೆಯ ಮೊದಲ ಸಾಲು: ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ? ಮದರ್ ತೆರೇಸಾ ಹಲವು ದಶಕಗಳ ಕಾಲ ಒಳಗೆ ಕತ್ತಲೆಯನ್ನೇ ಅನುಭವಿಸಿದರೆಂಬುದು 2007ರಲ್ಲಿ ಅವರ ಪತ್ರಗಳು ಪ್ರಕಟವಾದಾಗ ಲೋಕಕ್ಕೆ ತಿಳಿಯಿತು. ಇವರ ಸಾಲಿನಲ್ಲಿ ನೀವು ಇದ್ದೀರಿ.

ಒಂದು ವಿಷಯ ಮಾತ್ರ ಬೇರೆಯಾಗಿ ಹೇಳಬೇಕು. ದುಃಖ ಮತ್ತು ಖಿನ್ನತೆ ಒಂದೇ ಅಲ್ಲ. ನಿದ್ರೆ ಕೆಟ್ಟು ವಾರಗಳಾಗಿದ್ದರೆ, ಊಟ ಸೇರದಿದ್ದರೆ, ಎಲ್ಲ ಕೆಲಸವೂ ಭಾರವಾಗಿದ್ದರೆ, ಬದುಕುವುದೇ ಬೇಡ ಎಂಬ ಯೋಚನೆ ಬರುತ್ತಿದ್ದರೆ, ಬೈಬಲ್ ಯಾವ ಪುಟದಿಂದ ಓದಬೇಕು ಎಂಬುದಕ್ಕಿಂತ ಮೊದಲು ವೈದ್ಯರನ್ನು ಕಾಣಿ. ಸಾಯುವ ಯೋಚನೆ ಇದ್ದರೆ ಇವತ್ತೇ ಕಾಣಿ, ಹತ್ತಿರದ ಒಬ್ಬರಿಗಾದರೂ ಹೇಳಿ. ಇದು ನಂಬಿಕೆಗೆ ಅವಮಾನವಲ್ಲ. ಪ್ರವಾದಿ ಎಲೀಯನು ಮರುಭೂಮಿಯ ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆ ಎಂದಾಗ ದೇವದೂತನು ಮೊದಲು ತಂದದ್ದು ಕಲ್ಲಿನ ಮೇಲೆ ಸುಟ್ಟ ರೊಟ್ಟಿ ಮತ್ತು ಒಂದು ತಂಬಿಗೆ ನೀರು. ಎಲೀಯ ತಿಂದು ಮತ್ತೆ ಮಲಗಿದ. ದೂತ ಎರಡನೆಯ ಸಲವೂ ತಟ್ಟಿ ಎಬ್ಬಿಸಿ ಊಟವನ್ನೇ ಕೊಟ್ಟ. ಹೋರೇಬ್ ಬೆಟ್ಟ, ಗಾಳಿ, ಭೂಕಂಪ, ಬೆಂಕಿ, ಮೆಲುದನಿ ಎಲ್ಲ ಆಮೇಲಿನದು. ಆ ಮೆಲುದನಿ ಕೇಳಿದ ಮೇಲೂ ಎಲೀಯನ ದೂರು ಒಂದಕ್ಷರ ಬದಲಾಗಲಿಲ್ಲ, ಮೊದಲು ಹೇಳಿದ್ದನ್ನೇ ಮತ್ತೆ ಹೇಳಿದ. ದೇವರು ಅವನಿಗೆ ಎಲೀಷನನ್ನು ಜೊತೆಗೆ ಕೊಟ್ಟನು.

ಓದುವುದನ್ನು ನಿಲ್ಲಿಸಲೇ ಎಂದು ಕೇಳಿದಿರಿ. ಕೆಲವು ವಾರ ನಿಲ್ಲಿಸಿದರೆ ಪಾಪವಲ್ಲ. ಮೊಬೈಲಿನ ವಾಗ್ದಾನ ವಚನವನ್ನಂತೂ ಈಗಲೇ ನಿಲ್ಲಿಸಿಬಿಡಿ, ಅದರಿಂದ ನಿಮಗೆ ಸದ್ಯ ಕೆಡುಕೇ ಆಗುತ್ತಿದೆ. ಆದರೆ ಪೂರ್ತಿ ಬಿಟ್ಟರೆ ಒಂದು ಅಪಾಯವಿದೆ. ಆ ಖಾಲಿ ಜಾಗದಲ್ಲಿ ಕೂಟದ ಹಿರಿಯರ ಮಾತೊಂದೇ ಗಟ್ಟಿಯಾಗಿ ಕೇಳಿಸುತ್ತಾ ಉಳಿಯುತ್ತದೆ. ಜೆಸ್ಯೂಟ್ ಸಂಘವನ್ನು ಕಟ್ಟಿದ ಇಗ್ನೇಷಿಯಸ್ ಲೊಯೋಲಾ ಹದಿನಾರನೆಯ ಶತಮಾನದಲ್ಲಿ ಬರೆದಿಟ್ಟ ಸೂತ್ರ ನನಗೆ ಕೆಲಸದಲ್ಲಿ ಬಹಳ ಸಲ ಉಪಯೋಗಕ್ಕೆ ಬಂದಿದೆ: ಆತ್ಮ ಒಣಗಿರುವ ಕಾಲದಲ್ಲಿ ದೊಡ್ಡ ನಿರ್ಧಾರ ಬದಲಿಸಬೇಡ. ಆದ್ದರಿಂದ ನಿಲ್ಲಿಸುವುದಾದರೆ ಮತ್ತೆ ತೆರೆಯುವ ದಿನವನ್ನೂ ಈಗಲೇ ಗೊತ್ತುಮಾಡಿಕೊಳ್ಳಿ. ಅಲ್ಲಿಯವರೆಗೆ ಸಭೆಯಲ್ಲಿ ಬೇರೆಯವರು ಓದುವುದನ್ನು ಸುಮ್ಮನೆ ಕೇಳಿ.

ಮುಂದುವರಿಸುವುದಾದರೆ ಗೋಳಿನ ಕೀರ್ತನೆಗಳು ನಿಮ್ಮ ಈಗಿನ ಮಾತಿಗೆ ಹತ್ತಿರ. ಅವನ್ನು ರಾತ್ರಿ ಒಬ್ಬರೇ ಕೂತು ಒಂದಾದ ಮೇಲೊಂದು ಓದಬೇಡಿ, ಮನಸ್ಸು ಇನ್ನೂ ಕುಸಿಯುತ್ತದೆ. ಹಗಲಿನಲ್ಲಿ ಒಂದೇ ಕೀರ್ತನೆ, ಗಟ್ಟಿಯಾಗಿ, ಸಾಧ್ಯವಾದರೆ ಯಾರಾದರೂ ಪಕ್ಕದಲ್ಲಿ ಇರುವಾಗ. ಒಂದು ಸುವಾರ್ತೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿ ಎಂದು ನಾನು ಸಾಮಾನ್ಯವಾಗಿ ಹೇಳುತ್ತೇನೆ. ಮಾರ್ಕನದು ಹದಿನಾರೇ ಅಧ್ಯಾಯ. ಆದರೆ ನಿಮಗೆ ಅದನ್ನು ಈಗ ಹೇಳಲು ಹಿಂಜರಿಯುತ್ತೇನೆ. ಐದನೆಯ ಅಧ್ಯಾಯದಲ್ಲೇ ಯಾಯಿರನ ಮಗಳು ಎದ್ದು ಕೂರುತ್ತಾಳೆ, ಅದು ನಿಮ್ಮನ್ನು ಚುಚ್ಚುತ್ತದೆ. ಮೊದಲು ಯೋಹಾನ 11, ಆಮೇಲೆ ಲೂಕ 24. ಸುವಾರ್ತೆಗೆ ಇನ್ನು ಕೆಲವು ತಿಂಗಳ ನಂತರ ಬನ್ನಿ. ಯಾವುದನ್ನು ಓದಿದರೂ ಇಡೀ ಅಧ್ಯಾಯ ಓದಿ. ಯಾರು, ಯಾರಿಗೆ, ಯಾವ ಸ್ಥಿತಿಯಲ್ಲಿ ಹೇಳಿದರು ಎಂದು ಕೇಳಿಕೊಳ್ಳಿ. ಇದರಿಂದ ನನಗೇನು ವಾಗ್ದಾನ ಎಂಬ ಪ್ರಶ್ನೆಯನ್ನು ಸದ್ಯಕ್ಕೆ ದೂರವಿಡಿ. ಸಿಟ್ಟು ಬಂದರೆ ಆ ಸಿಟ್ಟನ್ನೇ ದೇವರಿಗೆ ಹೇಳಿ. ಯೋಬನು 35 ಅಧ್ಯಾಯಗಳ ತನಕ ಸಿಟ್ಟು, ವಾದ, ನರಳಾಟಗಳ ನಡುವೆಯೇ ಇದ್ದ. ಕೊನೆಗೆ ದೇವರು, ಯೋಬನಂತೆ ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ ಎಂದದ್ದು ಉಪದೇಶ ಮಾಡಿದ ಅವನ ಗೆಳೆಯರಿಗೆ. ಆ ಗೆಳೆಯರು ಸರಿಯಾಗಿ ನಡೆದುಕೊಂಡದ್ದು ಬಾಯಿ ತೆರೆಯದೆ ಅವನ ಜೊತೆ ನೆಲದ ಮೇಲೆ ಕೂತ ಮೊದಲ ಏಳು ದಿನ ಮಾತ್ರ.

ಕೂಟಕ್ಕೆ ಹೋಗಲೇಬೇಕೆಂದೂ ಇಲ್ಲ. ಆ ಹಿರಿಯರ ಜೊತೆ ವಾದಕ್ಕಿಳಿಯುವ ಶಕ್ತಿ ಈಗ ನಿಮ್ಮಲ್ಲಿ ಇರದಿದ್ದರೆ ಸಭಾಪಾಲಕರಿಗೆ ವಿಷಯ ತಿಳಿಸಿ, ಹೇಳಬೇಕಾದದ್ದನ್ನು ಹೇಳುವುದು ಅವರ ಜವಾಬ್ದಾರಿ.

ಇನ್ನು ಅಮ್ಮನಿಗೆ ಏನು ಹೇಳುವುದು. ಅವರ ಪ್ರಶ್ನೆ ದೂರಿನಂತೆ ಕೇಳಿಸಿದರೂ, ದೇವರು ಸುಳ್ಳಾಡುತ್ತಾನೆಯೇ ಎಂಬ ಹೆದರಿಕೆ ಅದರೊಳಗೆ ಇದೆ. ಮಗನನ್ನು ಕಳೆದುಕೊಂಡವರು ದೇವರನ್ನೂ ಕಳೆದುಕೊಳ್ಳಬಾರದು. ಆದ್ದರಿಂದ ಜಾರಿಕೊಳ್ಳದೆ ಹೇಳಿ: "ಅಮ್ಮಾ, ಅವನು ಉಳಿಯಲಿ ಎಂಬ ಆಸೆ ನನಗೆ ಎಷ್ಟಿತ್ತೆಂದರೆ, ಬೇರೆಯವರಿಗೆ ಬರೆದ ಪತ್ರದ ಒಂದು ಸಾಲನ್ನು ಅವನ ಬಗ್ಗೆ ಹೇಳಿದ್ದು ಎಂದುಕೊಂಡೆ. ಹಾಗೆ ಹೇಳಿದ್ದು ನಾನು, ದೇವರಲ್ಲ." ಇದನ್ನು ಹೇಳುವಾಗ ನಿಮ್ಮನ್ನು ನೀವು ಬೈದುಕೊಳ್ಳಬೇಡಿ, ಕ್ಷಮೆ ಕೇಳುತ್ತಾ ಕೂರಬೇಡಿ. ಅವರು ಅತ್ತರೆ ಅಳಲಿ. "ಹಾಗಾದರೆ ಯಾಕೆ ತೆಗೆದುಕೊಂಡ" ಎಂದು ಕೇಳಿದರೆ, ನನಗೂ ಗೊತ್ತಿಲ್ಲ ಅಮ್ಮಾ ಎನ್ನಿ, ಅದಕ್ಕೆ ಉತ್ತರ ಕಟ್ಟಲು ಹೋಗಬೇಡಿ. ಅವರಿಗೆ ಮನಸ್ಸಿದ್ದರೆ ಇಬ್ಬರೂ 13ನೆಯ ಕೀರ್ತನೆ ಓದಿ. ಆರೇ ವಚನ. ಮೊದಲೆರಡರಲ್ಲಿ "ಎಷ್ಟರವರೆಗೆ" ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಕೊನೆಯ ಎರಡು ವಚನಗಳಲ್ಲಿ ನಂಬಿಕೆಯ ಮಾತಿದೆ. ಅಮ್ಮನಿಗೆ ಅಲ್ಲಿಯವರೆಗೆ ಓದಲು ಆಗದಿದ್ದರೆ ನಾಲ್ಕನೆಯ ವಚನಕ್ಕೇ ನಿಲ್ಲಿಸಿ, ಉಳಿದದ್ದನ್ನು ಇನ್ನೊಂದು ದಿನ ಓದಿ.